ಸ್ಕಿಟ್ ಬೇಕಾ, ಬೇಡ್ವಾ: ಒಂದು ರ್‍ಯಾಪ್ ಆಲ್ಬಮ್ ಮೇಲಿನ ಹಳೇ ಜಗಳ

ಪ್ರಿನ್ಸ್ ಪಾಲ್ ಅವರ ‘ಎ ಪ್ರಿನ್ಸ್ ಅಮಂಗ್ ಥೀವ್ಸ್’ ಕೇಳಿದವರು ಕಡಿಮೆ. ಆದರೆ ಕೇಳಿದವರ ಹತ್ತಿರ ಅದರ ಬಗ್ಗೆ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಹಿಪ್-ಹಾಪ್‌ನಲ್ಲಿ ಇಂಥ ಕಥೆ ಮತ್ತೆ ಬಂದೇ ಇಲ್ಲ ಅನ್ನುವವರು ಇದ್ದಾರೆ. ಒಂದು ಸಲಕ್ಕೆ ಚೆನ್ನ, ಎರಡನೇ ಸಲ ಯಾರಿಗೆ ಬೇಕು ಅನ್ನುವವರೂ ಇದ್ದಾರೆ. ಸ್ಕಿಟ್‌ಗಳನ್ನೆಲ್ಲ, ಅಂದರೆ ಹಾಡುಗಳ ನಡುವೆ ಬರುವ ಮಾತಿನ ಪುಟ್ಟ ದೃಶ್ಯಗಳನ್ನೆಲ್ಲ, ಅಳಿಸಿ, ಬರೀ ಹಾಡು ಉಳಿಸಿಕೊಂಡು, ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವ ಒಬ್ಬ ಗೆಳೆಯ ನನಗಿದ್ದಾನೆ. ಆಲ್ಬಮ್ ಬಂದಿದ್ದು 1999ರ ಫೆಬ್ರವರಿ 23ಕ್ಕೆ. ಜಗಳ ಇನ್ನೂ ನಡೆದೇ ಇದೆ. ಅದರಲ್ಲಿ ನನ್ನದೂ ಒಂದು ಪಕ್ಷ.

ಮೊದಲು ಕಥೆ. ತಾರಿಕ್ ಅನ್ನುವ ಹುಡುಗ. ರ್‍ಯಾಪರ್ ಆಗಬೇಕು ಅನ್ನೋದು ಅವನ ಆಸೆ. ಹೆಸರಾಂತ ರ್‍ಯಾಪ್ ತಂಡ ವೂ-ಟ್ಯಾಂಗ್ ಕ್ಲಾನ್‌ನ ಆರ್‌ಝಡ್‌ಎ ಅವರನ್ನು ಭೇಟಿ ಮಾಡುವ ಅವಕಾಶ ಸಿಕ್ಕಿದೆ. ಅಷ್ಟರೊಳಗೆ ಡೆಮೊ, ಅಂದರೆ ಅವರಿಗೆ ಕೇಳಿಸೋಕೆ ಒಂದು ಮಾದರಿ ರೆಕಾರ್ಡಿಂಗ್, ಮುಗಿಸಬೇಕು. ಅದಕ್ಕೆ ಸಾವಿರ ಡಾಲರ್ ಬೇಕು. ಕೈಯಲ್ಲಿ ಇಲ್ಲ. ಗೆಳೆಯ ಟ್ರೂ ಡ್ರಗ್ಸ್ ಮಾರುತ್ತಾನೆ. ಸ್ವಲ್ಪ ದಿನ ನನ್ನನ್ನೂ ಸೇರಿಸಿಕೋ ಅಂತ ತಾರಿಕ್ ಅವನ ಹಿಂದೆ ಹೋಗುತ್ತಾನೆ. ಮುಂದೆ ಏನಾಗುತ್ತೆ ಅಂತ ಊಹಿಸೋದು ಕಷ್ಟವಲ್ಲ. ಟ್ರೂಗೆ ಹೊಟ್ಟೆಕಿಚ್ಚು. ಪೊಲೀಸರು ಬರುತ್ತಾರೆ. ಜೈಲು ಆಗುತ್ತದೆ. ಕೊನೆಗೆ ಗುಂಡು ಹಾರುತ್ತದೆ. ಇಷ್ಟು ಹೇಳಿದ್ದಕ್ಕೆ ಯಾರೂ ಬೈಯಬೇಡಿ. ತಾರಿಕ್ ಸಾಯುತ್ತಾನೆ ಅನ್ನೋದನ್ನು ಆಲ್ಬಮ್ ತನ್ನ ಮೊದಲ ಟ್ರ್ಯಾಕ್‌ನಲ್ಲೇ ಬಿಟ್ಟುಕೊಡುತ್ತದೆ. ಉಳಿದದ್ದೆಲ್ಲ ಹಿಂದಿನ ಕಥೆ.

ಇದನ್ನು ಕಟ್ಟಿದ ಪ್ರಿನ್ಸ್ ಪಾಲ್ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನವರು. ಸ್ಟೆಟ್ಸಸಾನಿಕ್ ತಂಡದ ಡಿಜೆ ಆಗಿ ಶುರು ಮಾಡಿದರು. ಆಮೇಲೆ ಡಿ ಲಾ ಸೋಲ್ ತಂಡದ ಮೊದಲ ಮೂರು ಆಲ್ಬಮ್‌ಗಳಿಗೆ ಪ್ರೊಡ್ಯೂಸರ್. 1989ರ ‘3 ಫೀಟ್ ಹೈ ಅಂಡ್ ರೈಸಿಂಗ್’ನಲ್ಲಿ ಹಾಡುಗಳ ನಡುವೆ ಒಂದು ಹುಚ್ಚು ಕ್ವಿಜ್ ಕಾರ್ಯಕ್ರಮ ಬಂದು ಹೋಗುತ್ತಿರುತ್ತದೆ. ರ್‍ಯಾಪ್ ಆಲ್ಬಮ್‌ನಲ್ಲಿ ಸ್ಕಿಟ್ ಅನ್ನೋದು ರೂಢಿಯಾಗಿದ್ದು ಅಲ್ಲಿಂದ. ಅಂದರೆ ಮುಂದಿನ ಹತ್ತು ವರ್ಷ ಜನ ಯಾವುದನ್ನು ಬೈದುಕೊಂಡು ಬಟನ್ ಒತ್ತಿ ದಾಟಿದರೋ ಅದಕ್ಕೆ ಮುಖ್ಯ ಕಾರಣ ಇವರೇ. ಅವರೇ ಹತ್ತು ವರ್ಷ ಬಿಟ್ಟು ಮೂವತ್ತಕ್ಕೂ ಹೆಚ್ಚು ಟ್ರ್ಯಾಕ್ ಇರುವ, ಸ್ಕಿಟ್ಟೇ ಬೆನ್ನೆಲುಬಾಗಿರುವ ಆಲ್ಬಮ್ ಮಾಡಿದರೆ ಕೇಳುಗರು ಎರಡು ಪಾಲಾಗದೆ ಇರುತ್ತಾರಾ?

ಇನ್ನೊಂದು ವಿಷಯವೂ ಇಲ್ಲೇ ಬರಲಿ. ಪಾಲ್ ಮತ್ತು ಆರ್‌ಝಡ್‌ಎ ಹಳೇ ಪರಿಚಯದವರು. ಇಬ್ಬರೂ ಗ್ರೇವ್‌ಡಿಗ್ಗಾಝ್ ತಂಡದಲ್ಲಿದ್ದರು. ಆ ತಂಡದ ನಾಲ್ವರೂ ಹಿಂದೆ ಟಾಮಿ ಬಾಯ್ ಎಂಬ ರೆಕಾರ್ಡ್ ಕಂಪನಿಯಲ್ಲಿ ಇದ್ದು ಹೊರಬಿದ್ದವರು. ಆರ್‌ಝಡ್‌ಎ ಅವರೇ 1991ರಲ್ಲಿ ಪ್ರಿನ್ಸ್ ರಕೀಮ್ ಅನ್ನುವ ಹೆಸರಿನಲ್ಲಿ ಅಲ್ಲಿ ಒಂದು ರೆಕಾರ್ಡ್ ಮಾಡಿದರು. ಅದು ಓಡಲಿಲ್ಲ, ಕಂಪನಿ ಕೈಬಿಟ್ಟಿತು. ಹಾಗೆ ಕೈಬಿಟ್ಟ ಮನುಷ್ಯನನ್ನು ಭೇಟಿಯಾಗೋಕೆ ಒಬ್ಬ ಹುಡುಗ ಪ್ರಾಣ ಕಳೆದುಕೊಳ್ಳುವ ಕಥೆ 1999ರಲ್ಲಿ ಹೊರಬಂದಿದ್ದು ಎಲ್ಲಿಂದ ಅಂತೀರಿ? ಅದೇ ಟಾಮಿ ಬಾಯ್‌ನಿಂದ. ಇದು ಗೊತ್ತಿದ್ದು ಕೇಳಿದರೆ ಡೆಮೊ, ಭೇಟಿ, ಸಾವಿರ ಡಾಲರ್ ಎಲ್ಲದರ ಹಿಂದೆಯೂ ಒಂದು ಕಹಿ ನಗು ಕೇಳಿಸುತ್ತದೆ.

ಈಗ ನನ್ನ ಪಕ್ಷಕ್ಕೆ ಬರುತ್ತೇನೆ. ಈ ಆಲ್ಬಮ್ ಬಗ್ಗೆ ಹೆಚ್ಚು ಕೇಳಿಬರುವ ಮೆಚ್ಚುಗೆ ಅದರ ಅತಿಥಿ ರ್‍ಯಾಪರ್‌ಗಳದ್ದು. ಹೆಚ್ಚು ಕೇಳಿಬರುವ ದೂರೂ ಅವರದ್ದೇ. ಬಿಗ್ ಡ್ಯಾಡಿ ಕೇನ್, ಕೂಲ್ ಕೀತ್, ಚಬ್ ರಾಕ್, ಎವರ್‌ಲಾಸ್ಟ್, ಸಡಾಟ್ ಎಕ್ಸ್, ಎಕ್ಸಿಬಿಟ್, ಡಿ ಲಾ ಸೋಲ್... ಎಂಥ ಪಟ್ಟಿ ಅಂತ ಒಬ್ಬರು ಹಿಗ್ಗುತ್ತಾರೆ. ಇಷ್ಟು ದೊಡ್ಡವರ ನಡುವೆ ಕಥಾನಾಯಕನೇ ಕಳೆದುಹೋದ ಅಂತ ಇನ್ನೊಬ್ಬರು ಗೊಣಗುತ್ತಾರೆ. ಇಬ್ಬರೂ ಇವರನ್ನು ಮಾಮೂಲಿ ಅತಿಥಿಗಳ ಲೆಕ್ಕದಲ್ಲೇ ಇಟ್ಟಿದ್ದಾರೆ ಅನ್ನೋದು ನನ್ನ ತಕರಾರು.

ಮಾಮೂಲಿ ಆಲ್ಬಮ್‌ನಲ್ಲಿ ಅತಿಥಿಯ ಕೆಲಸ ಏನು? ಬರುವುದು, ಹದಿನಾರು ಸಾಲು ಹೇಳುವುದು, ತನ್ನ ಹೆಸರನ್ನು ಒಂದು ಸಲ ಕೂಗುವುದು, ಹೋಗುವುದು. ಕವರಿನ ಮೇಲೆ ಹೆಸರು ಇದ್ದರೆ ನಾಲ್ಕು ಕಾಪಿ ಜಾಸ್ತಿ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಇಲ್ಲಿ ಯಾರೂ ತಾವಾಗಿ ಬರುವುದಿಲ್ಲ. ಚಬ್ ರಾಕ್ ಇಲ್ಲಿ ಮಿಸ್ಟರ್ ಲಾರ್ಜ್, ಡ್ರಗ್ಸ್ ದಂಧೆಯ ದೊಡ್ಡ ಕುಳ. ಕೂಲ್ ಕೀತ್ ಕ್ರೇಜಿ ಲೂ, ಬಂದೂಕು ಮಾರುವವನು. ಕೇನ್ ಕೌಂಟ್ ಮ್ಯಾಕುಲಾ, ಹೆಂಗಸರನ್ನು ದಂಧೆಗೆ ಇಳಿಸಿ ಬದುಕುವವನು. ಎವರ್‌ಲಾಸ್ಟ್ ಪೊಲೀಸ್.

ಕರಾವಳಿ, ಮಲೆನಾಡು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಗೆ ಹೋಗಿ ಬಂದವರನ್ನು ಕೇಳಿ. ವೇಷ ಇಲ್ಲ, ಕುಣಿತ ಇಲ್ಲ, ಬಿಳಿ ಪಂಚೆ ಉಟ್ಟ ನಾಲ್ಕೈದು ಜನ ಕೂತಿರುತ್ತಾರೆ ಅಷ್ಟೇ. ಆದರೂ ಮನೆಯಿಂದ ಹೊರಡುವ ಮೊದಲೇ ಕೇಳುವ ಪ್ರಶ್ನೆ ಒಂದೇ: ಇವತ್ತು ಕರ್ಣ ಯಾರದ್ದು? ಪ್ರಸಂಗ ಎಲ್ಲರಿಗೂ ಗೊತ್ತು. ಕರ್ಣ ಸಾಯುತ್ತಾನೆ ಅನ್ನೋದೂ ಗೊತ್ತು. ಆ ಅರ್ಥಧಾರಿಯ ಬಾಯಲ್ಲಿ ಕರ್ಣ ಇವತ್ತು ಏನು ಮಾತಾಡುತ್ತಾನೆ ಅನ್ನೋದಷ್ಟೇ ಹೊಸದು. ಅರ್ಥಧಾರಿಯ ಹಿಂದಿನ ಪಾತ್ರಗಳು, ಅವರ ಮಾತಿನ ಗತ್ತು, ಎದುರಾಳಿಯ ಜೊತೆ ಹೋದ ವರ್ಷ ಆದ ವಾಗ್ವಾದ, ಎಲ್ಲ ಕೇಳುಗನ ತಲೆಯಲ್ಲಿ ಇರುತ್ತದೆ. ಪಾತ್ರದ ಮೇಲೆ ಅದೂ ಒಂದು ಪದರವಾಗಿ ಕೂತುಕೊಳ್ಳುತ್ತದೆ.

ಪಾಲ್ ಮಾಡಿದ್ದೂ ಇದನ್ನೇ. ಕೇನ್ ಎಂಬತ್ತರ ದಶಕದ ಕೊನೆಯಲ್ಲಿ ಹೆಂಗಸರ ಕಣ್ಮಣಿ ಅನ್ನುವ ಠೀವಿಯಲ್ಲೇ ಮೆರೆದವರು. ಆ ಠೀವಿಯನ್ನು ಒಂದು ಗೇಣು ಮುಂದೆ ತಳ್ಳಿದರೆ ಮ್ಯಾಕುಲಾ ಸಿಗುತ್ತಾನೆ. ಕೂಲ್ ಕೀತ್ 1996ರಲ್ಲಿ ಡಾಕ್ಟರ್ ಆಕ್ಟಗಾನ್ ಅನ್ನುವ ಹುಚ್ಚು ವೈದ್ಯನಾಗಿ ಇಡೀ ಆಲ್ಬಮ್ ಮಾಡಿದವರು. ಬಂದೂಕಿನ ಅಂಗಡಿಯಲ್ಲಿ ಅವರನ್ನು ಕೂರಿಸಿದರೆ ‘ವೆಪನ್ ವರ್ಲ್ಡ್’ ಆಗುತ್ತದೆ. ಆಯುಧಗಳ ಹೆಸರು ಒಂದರ ಹಿಂದೆ ಒಂದು ಉದುರುತ್ತವೆ. ಸರಕು ತೋರಿಸುವ ವ್ಯಾಪಾರಿಯ ಖುಷಿ ಅದರಲ್ಲಿದೆ. ನಗು ಬರುತ್ತದೆ. ಕೊಳ್ಳೋಕೆ ಬಂದವನು ಯಾರು ಅಂತ ನೆನಪಾದರೆ ನಗು ಅಲ್ಲೇ ನಿಲ್ಲುತ್ತದೆ.

ಎವರ್‌ಲಾಸ್ಟ್ ಹಾಡು ‘ದಿ ಮೆನ್ ಇನ್ ಬ್ಲೂ’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎವರ್‌ಲಾಸ್ಟ್ ಬಿಳಿಯರು. ಹೌಸ್ ಆಫ್ ಪೇನ್ ತಂಡದಿಂದ ಬಂದವರು, 1998ರಲ್ಲಿ ಒಬ್ಬರೇ ಮಾಡಿದ ಆಲ್ಬಮ್ ಆಗಷ್ಟೇ ಗೆದ್ದಿತ್ತು. ಪಾಲ್ ಅವರಿಗೆ ಕೊಟ್ಟಿದ್ದು ಲಂಚಕೋರ, ಜನಾಂಗದ್ವೇಷಿ ಪೊಲೀಸ್ ಅಧಿಕಾರಿಯ ಪಾತ್ರ. ಪೊಲೀಸರನ್ನು ಬೈಯುವ ರ್‍ಯಾಪ್ ಬೇಕಾದಷ್ಟಿದೆ. ಇಲ್ಲಿ ಪೊಲೀಸನೇ ರ್‍ಯಾಪ್ ಮಾಡುತ್ತಾನೆ. ತನ್ನ ಅಧಿಕಾರದ ರುಚಿಯನ್ನು ತಾನೇ ಬಣ್ಣಿಸುತ್ತಾನೆ. ಬೈಗುಳಕ್ಕಿಂತ ಇದು ಎಷ್ಟೋ ಪಾಲು ಭಯ ಹುಟ್ಟಿಸುತ್ತದೆ.

ಆಲ್ಬಮ್ ಅಂಗಡಿಗೆ ಬಂದ ತಿಂಗಳನ್ನೂ ನೆನಪಿಡಬೇಕು. 1999ರ ಫೆಬ್ರವರಿ 4ರಂದು ಬ್ರಾಂಕ್ಸ್‌ನಲ್ಲಿ ಅಮಡೂ ಡಿಯಾಲೊ ಎಂಬ 23 ವರ್ಷದ ಗಿನಿ ದೇಶದ ವಲಸಿಗನನ್ನು ಅವನ ಮನೆಯ ಬಾಗಿಲಲ್ಲೇ ನಾಲ್ವರು ಮಫ್ತಿ ಪೊಲೀಸರು ಕೊಂದರು. ಅವನ ಕೈಯಲ್ಲಿ ಆಯುಧ ಇರಲಿಲ್ಲ. ಹಾರಿದ ಗುಂಡು 41. ಅದಾಗಿ ಮೂರು ವಾರ ತುಂಬುವ ಮೊದಲೇ ಈ ಆಲ್ಬಮ್ ಬಂತು. ಹಾಡು ಬರೆದಾಗ ಯಾರಿಗೂ ಅದು ಗೊತ್ತಿರೋಕೆ ಸಾಧ್ಯವಿರಲಿಲ್ಲ. ಆದರೆ ಆ ತಿಂಗಳು ನ್ಯೂಯಾರ್ಕಿನಲ್ಲಿ ಕೂತು ಕೇಳಿದವನ ಕಿವಿಗೆ ಅದು ಕಟ್ಟುಕಥೆಯಾಗಿ ಕೇಳಿಸಿರಲಾರದು. ಎವರ್‌ಲಾಸ್ಟ್ ಭಾಗ ಜಾಸ್ತಿ ಆಯಿತು, ವ್ಯಂಗ್ಯಚಿತ್ರದ ಥರ ಇದೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಆ ತಿಂಗಳ ಪತ್ರಿಕೆ ಓದಿ.

ಡಿ ಲಾ ಸೋಲ್ ಅವರದ್ದು ‘ಮೋರ್ ದ್ಯಾನ್ ಯು ನೋ’. ಕೇಳೋಕೆ ಪ್ರೀತಿಯ ಹಾಡು. ಅವಳಿಲ್ಲದೆ ಬದುಕಿಲ್ಲ, ಅವಳಿಗಾಗಿ ಎಲ್ಲ ಬಿಟ್ಟೆ ಅನ್ನುವ ಧಾಟಿ. ಅವಳು ಹುಡುಗಿಯಲ್ಲ, ಕ್ರ್ಯಾಕ್ ಕೊಕೇನ್. ಹಾಡುತ್ತಿರುವವರು ಚಟಕ್ಕೆ ಬಿದ್ದವರು, ಅಂದರೆ ತಾರಿಕ್‌ನ ಗಿರಾಕಿಗಳು. ಹೂವು, ಶಾಂತಿ, ಬಣ್ಣ ಅಂತ ಹೆಸರು ಮಾಡಿದ ತಂಡದ ಬಾಯಿಂದಲೇ ಇದನ್ನು ಹಾಡಿಸಿದ್ದಾರೆ. ಆ ತಂಡಕ್ಕೆ ಮೊದಲ ಹೆಸರು ತಂದುಕೊಟ್ಟ ಪ್ರೊಡ್ಯೂಸರೇ ಹಾಡಿಸಿದ್ದಾರೆ. ಕ್ರಿಸ್ ರಾಕ್ ಕೂಡ ಚಟದವನಾಗಿಯೇ ಬಂದು ಹೋಗುತ್ತಾರೆ. ಅವರ ಹಾಸ್ಯದ ಆಲ್ಬಮ್‌ಗಳಿಗೂ ಆ ಕಾಲದಲ್ಲಿ ಪಾಲ್ ಅವರೇ ಪ್ರೊಡ್ಯೂಸರ್.

ಇಷ್ಟು ಜನ ಬಂದು ಹೋಗುವಾಗ ತಾರಿಕ್ ಏನು ಮಾಡುತ್ತಿರುತ್ತಾನೆ? ಹೆಚ್ಚು ಹೊತ್ತು ಕೇಳಿಸಿಕೊಳ್ಳುತ್ತಿರುತ್ತಾನೆ. ನಾಯಕ ಸಪ್ಪೆ ಅನ್ನುವ ದೂರು ಹುಟ್ಟಿದ್ದು ಇಲ್ಲಿ. ಸಪ್ಪೆ ಅನ್ನೋದನ್ನು ನಾನು ಒಪ್ಪಲ್ಲ. ಹಿಂದೆ ಸರಿದು ನಿಂತಿದ್ದಾನೆ ಅನ್ನೋದನ್ನು ಒಪ್ಪುತ್ತೇನೆ. ತಾರಿಕ್ ಪಾತ್ರ ಮಾಡಿದ ಬ್ರೀಜ್ ಬ್ರೂಯಿನ್ ಬ್ರಾಂಕ್ಸ್‌ನ ಜಗ್ಗನಾಟ್ಸ್ ತಂಡದವರು. 1996ರಲ್ಲಿ ಬಾಬಿಟೊ ಗಾರ್ಸಿಯಾ ಅವರ ಫಾಂಡಲ್ ಎಮ್ ಅನ್ನುವ ಪುಟ್ಟ ಕಂಪನಿಯಿಂದ ‘ಕ್ಲಿಯರ್ ಬ್ಲೂ ಸ್ಕೈಸ್’ ಬಂದಾಗ ದೊಡ್ಡ ಕಂಪನಿಗಳ ಆಚೆ ನಡೆಯುವ ರ್‍ಯಾಪಿನ ಹುಚ್ಚರಿಗೆ ಮಾತ್ರ ಗೊತ್ತಿದ್ದ ಹೆಸರು. ಅದೇ ಹೆಸರಿನ ಹಾಡು ಪೂರ್ತಿ ಒಂದು ಸಂಭಾಷಣೆ. ಬಿಳಿಯ ಅಪ್ಪ, ಬಿಳಿಯ ಮಗ, ಮಗ ಮೆಚ್ಚಿದ ಹುಡುಗಿ ಕಪ್ಪು. ಇಬ್ಬರ ಜಗಳವೇ ಹಾಡು. ಅದನ್ನು ಕೇಳಿದವರಿಗೆ ಪಾಲ್ ಇವರನ್ನೇ ಯಾಕೆ ಆರಿಸಿದರು ಅಂತ ಅರ್ಥವಾಗುತ್ತದೆ. ಸಾಲು ಎಲ್ಲೂ ತುಂಡಾಗದ ಹಾಗೆ ಮಾತಾಡುತ್ತಲೇ ರ್‍ಯಾಪ್ ಮಾಡಬಲ್ಲವರು.

ಇನ್ನೂ ಒಂದು ಕಾರಣ ಇದೆ. ಸುತ್ತ ಇರುವವರೆಲ್ಲ ಆಗಲೇ ಹೆಸರು ಮಾಡಿದವರು. ತಾರಿಕ್ ಆದವರ ಹೆಸರು ಹೊರಗೆ ಯಾರಿಗೂ ಗೊತ್ತಿಲ್ಲ. ಹೆಸರಿಲ್ಲದ ಒಬ್ಬ ಹುಡುಗ ದೊಡ್ಡ ದೊಡ್ಡ ದನಿಗಳ ನಡುವೆ ದಾರಿ ಮಾಡಿಕೊಳ್ಳೋಕೆ ಹೆಣಗುವುದೇ ಕಥೆ ಅಲ್ವಾ? ಇಲ್ಲಿ ಪರಿಚಿತ ಮುಖವೊಂದನ್ನು ನಾಯಕ ಮಾಡಿದ್ದರೆ ಆ ಹೆಣಗಾಟ ನಂಬೋಕಾಗುತ್ತಿರಲಿಲ್ಲ. ಅತಿಥಿಗಳು ನಾಯಕನನ್ನು ನುಂಗಿದರು ಅನ್ನುವವರು ಹೇಳಿದ್ದು ಸರಿಯೇ. ಆದರೆ ಅದು ತಪ್ಪಿ ಆದದ್ದು ಅಂತ ನನಗೆ ಅನ್ನಿಸುವುದಿಲ್ಲ. ಮಿಸ್ಟರ್ ಲಾರ್ಜ್ ನುಂಗುತ್ತಾನೆ, ಪೊಲೀಸ್ ನುಂಗುತ್ತಾನೆ, ಜೈಲು ನುಂಗುತ್ತದೆ. ಜೈಲಿನ ಹಾಡು ‘ಹ್ಯಾಂಡಲ್ ಯುವರ್ ಟೈಮ್’ನಲ್ಲಿ ಸಡಾಟ್ ಎಕ್ಸ್, ಎಕ್ಸಿಬಿಟ್ ಹಳೇ ಕೈದಿಗಳಾಗಿ ಒಳಗೆ ಹೇಗೆ ಇರಬೇಕು ಅಂತ ಪಾಠ ಮಾಡುತ್ತಾರೆ. ತಾರಿಕ್‌ಗೆ ಅಲ್ಲಿ ಕಿವಿ ಮಾತ್ರ ಬೇಕು.

‘ವಾಟ್ ಯು ಗಾಟ್’ ಕೇಳಿದರೆ ಇದು ಇನ್ನಷ್ಟು ಗಟ್ಟಿಯಾಗುತ್ತದೆ. ಅದೇ ಆ ಡೆಮೊ. ತಾರಿಕ್, ಟ್ರೂ ಇಬ್ಬರೂ ಪೈಪೋಟಿಗೆ ಬಿದ್ದು ರ್‍ಯಾಪ್ ಮಾಡುತ್ತಾರೆ. ಟ್ರೂ ಪಾತ್ರ ಮಾಡಿದ್ದು ಶಾ. ಇಡೀ ಆಲ್ಬಮ್‌ನಲ್ಲಿ ತಾರಿಕ್ ನಿಜಕ್ಕೂ ಬಾಯಿಬಿಟ್ಟು ಖುಷಿಪಡುವ ಜಾಗ ಇದು. ಇಬ್ಬರ ದನಿಯೂ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಇವರಿಬ್ಬರೂ ಸೇರಿ ಒಂದು ತಂಡ ಮಾಡಿದ್ದರೆ ಸಾಕಿತ್ತು ಅನ್ನಿಸುತ್ತದೆ. ಟ್ರೂ ಕೆಟ್ಟ ರ್‍ಯಾಪರ್ ಆಗಿದ್ದರೆ ಅವನ ಹೊಟ್ಟೆಕಿಚ್ಚು ಸುಲಭದ ವಿಷಯವಾಗುತ್ತಿತ್ತು. ಅವನೂ ಚೆನ್ನಾಗಿಯೇ ಮಾಡುತ್ತಾನೆ. ಅವಕಾಶ ಮಾತ್ರ ಇನ್ನೊಬ್ಬನಿಗೆ ಬಂದಿದೆ.

ಇನ್ನು ಸ್ಕಿಟ್ಟಿನ ಜಗಳ. ಬೇಡ ಅನ್ನುವವರ ಮಾತಲ್ಲೂ ಹುರುಳಿದೆ. ಕೆಲವು ಸ್ಕಿಟ್ ಉದ್ದ. ಕೆಲವು ಕಡೆ ಹಾಡು ಬಿಸಿ ಏರುತ್ತಿದ್ದಂತೆ ಮಾತು ಬಂದು ತಣ್ಣೀರು ಸುರಿಯುತ್ತದೆ. ಹೆಂಗಸರ ಪಾತ್ರಗಳಿಗೆ ಮಾತೇ ಕಡಿಮೆ, ಇದ್ದಷ್ಟೂ ಗಂಡಸರ ಕಥೆಗೆ ಬೇಕಾದಷ್ಟೇ. ಮ್ಯಾಕುಲಾ ಭಾಗವನ್ನು ಈಗ ಕೇಳಿದರೆ ನಗುವಿಗಿಂತ ಕಸಿವಿಸಿ ಜಾಸ್ತಿ. ವ್ಯಂಗ್ಯ ಅಂತ ಗೊತ್ತು, ಆದರೂ ವ್ಯಂಗ್ಯ ಯಾರ ಮೇಲೆ ಅನ್ನೋದು ಅಲ್ಲಿ ಸ್ಪಷ್ಟವಿಲ್ಲ. ಕಥೆ ಹಳೆಯದು ಅನ್ನುವ ದೂರಿಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ಕರ್ಣನ ಕಥೆಯೂ ಹಳೆಯದೇ.

ಆದರೆ ಸ್ಕಿಟ್ ತೆಗೆದ ನನ್ನ ಗೆಳೆಯನ ಪಟ್ಟಿಯನ್ನೂ ಕೇಳಿದ್ದೇನೆ. ಅವನ ಕಾರಿನಲ್ಲಿ, ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ. ಒಳ್ಳೇ ಹಾಡುಗಳ ಒಂದು ಗೊಂಚಲು, ಅಷ್ಟೇ ಆಗಿತ್ತು. ಮೊದಲ ಟ್ರ್ಯಾಕ್ ಹೋದ ಮೇಲೆ ಸಾಯುವ ಸಂಗತಿಯೇ ಇಲ್ಲ. ‘ವೆಪನ್ ವರ್ಲ್ಡ್’ ಬರೀ ತಮಾಷೆ. ಜೈಲಿನ ಪಾಠ ಯಾರಿಗೋ ಮಾಡಿದ ಪಾಠ. ಕೇನ್ ಮತ್ತೆ ಕೇನ್ ಆಗಿದ್ದರು, ಕೀತ್ ಮತ್ತೆ ಕೀತ್. ಪಾತ್ರಗಳನ್ನೆಲ್ಲ ಅವನು ವಾಪಸು ಅತಿಥಿಗಳನ್ನಾಗಿ ಮಾಡಿಬಿಟ್ಟಿದ್ದ. ಅವನಿಗೆ ಹೇಳಿದೆ. “ಹಾಡು ಚೆನ್ನಾಗಿದ್ಯಾ ಇಲ್ವಾ, ಅಷ್ಟು ಹೇಳು ಮಾರಾಯ” ಅಂದ. ಚೆನ್ನಾಗಿತ್ತು. ಅದನ್ನು ಒಪ್ಪದೆ ದಾರಿಯಿರಲಿಲ್ಲ.

ತಾಳಮದ್ದಳೆಯ ಕೇಳುಗರಲ್ಲೂ ಹೀಗೇ ಎರಡು ಜಾತಿ. ಭಾಗವತರ ಪದ್ಯಕ್ಕಾಗಿ ಬಂದು, ಅರ್ಥ ಶುರುವಾದ ಕೂಡಲೇ ಚಹಾಕ್ಕೆ ಎದ್ದು ಹೋಗುವವರು ಇದ್ದಾರೆ. ಅವರೂ ರಸಿಕರೇ. ಅವರು ಕೂಟ ನೋಡಿಲ್ಲ ಅಂತ ಹೇಳೋಕಾಗುತ್ತಾ?

ಸಿಡಿ ಕಾಲದಲ್ಲಿ ಈ ಜಗಳಕ್ಕೆ ಬೇರೆ ರೂಪ ಇತ್ತು. ಒಂದು ಸಿಡಿಯಲ್ಲಿ ಸುಮಾರು 74ರಿಂದ 80 ನಿಮಿಷ ಹಿಡಿಯುತ್ತದೆ. ತೊಂಬತ್ತರ ದಶಕದ ರ್‍ಯಾಪ್ ಆಲ್ಬಮ್‌ಗಳು ಆ ಜಾಗವನ್ನು ತುಂಬಿಸೋದೇ ಕರ್ತವ್ಯ ಅಂದುಕೊಂಡ ಹಾಗೆ ಉದ್ದವಾದವು. ಸ್ಕಿಟ್ಟು ಎಷ್ಟೋ ಕಡೆ ಬರೀ ಭರ್ತಿಯ ಸಾಮಾನು. ಹಾಗಾಗಿ ಸ್ಕಿಟ್ ಅಂದರೆ ಕಸ ಅನ್ನುವ ಅಭ್ಯಾಸ ಕೇಳುಗರ ಬೆರಳಿಗೇ ಹತ್ತಿತ್ತು. ಪಾಲ್ ಅವರ ಆಲ್ಬಮ್ ಆ ಬೆರಳಿನ ಎದುರು ಬಂದು ನಿಂತಿತು. ವಿಮರ್ಶಕರು ಹೊಗಳಿದರು, ಮಾರಾಟ ಹೇಳಿಕೊಳ್ಳುವಂತೆ ಆಗಲಿಲ್ಲ. ಇದನ್ನು ಸಿನಿಮಾ ಮಾಡುವ ಆಸೆಯೂ ಅವರಿಗಿತ್ತು. ಆಗಲಿಲ್ಲ. ಆಗದಿದ್ದದ್ದೇ ಒಳ್ಳೆಯದಾಯಿತು ಅಂತ ನನಗೆ ಅನ್ನಿಸುತ್ತದೆ. ಮಿಸ್ಟರ್ ಲಾರ್ಜ್‌ಗೆ ನಾನು ಕೊಟ್ಟುಕೊಂಡ ಮುಖ ನನ್ನ ಹತ್ತಿರವೇ ಇರಲಿ.

ಆಮೇಲೆ ಬಂದ ಕಥೆಯ ಆಲ್ಬಮ್‌ಗಳ ಜೊತೆ ಇದನ್ನು ಇಟ್ಟು ನೋಡುವವರೂ ಇದ್ದಾರೆ. 2000ದ ‘ಡೆಲ್ಟ್ರಾನ್ 3030’ ಒಂದು. ಅದರಲ್ಲಿ ಲೋಕ ದೊಡ್ಡದು, 3030ನೇ ಇಸವಿ, ಗ್ರಹದಿಂದ ಗ್ರಹಕ್ಕೆ ಹಾರಾಟ. ಕಥೆ ಮಾತ್ರ ತೆಳು, ಅದರ ಗಮ್ಮತ್ತು ಬೀಟ್ ಮತ್ತು ಪದಗಳಲ್ಲಿದೆ. 2001ರ ಮಾಸ್ಟಾ ಏಸ್ ಅವರ ‘ಡಿಸ್ಪೋಸಬಲ್ ಆರ್ಟ್ಸ್’ ಇದಕ್ಕೆ ಹತ್ತಿರದ ನೆಂಟ. ಜೈಲಿನಿಂದ ಹೊರಬಂದವನು ರ್‍ಯಾಪ್ ಕಲಿಸುವ ಕಾಲೇಜು ಸೇರುತ್ತಾನೆ. ಅತಿಥಿಗಳು ತುಂಬ, ಸ್ಕಿಟ್ಟೂ ತುಂಬ. ಆದರೆ ಅಲ್ಲಿ ನಾಯಕ ಏಸ್ ಅವರೇ, ಕಥೆಗೆ ಅವರ ಸ್ವಂತ ಬದುಕಿನ ಭಾರ ಇದೆ. ಒಂದನ್ನು ಮಾತ್ರ ಇಟ್ಟುಕೋ ಅಂದರೆ ನಾನು ಅದನ್ನೇ ಇಟ್ಟುಕೊಂಡೇನು. ಕೆಂಡ್ರಿಕ್ ಲಮಾರ್ 2012ರಲ್ಲಿ ಆಲ್ಬಮ್ಮಿನ ಕವರಿನ ಮೇಲೇ ಇದೊಂದು ಕಿರುಚಿತ್ರ ಅಂತ ಬರೆಸಿದರು. ಅಲ್ಲಿ ಸ್ಕಿಟ್ಟುಗಳು ಹಾಡಿನ ಬಾಲಕ್ಕೆ ಅಂಟಿಕೊಂಡಿವೆ. ದಾಟಬೇಕೆಂದರೆ ಹಾಡನ್ನೇ ಕತ್ತರಿಸಬೇಕು. ನನ್ನ ಗೆಳೆಯನಂಥವರನ್ನು ಅವರು ಚೆನ್ನಾಗಿ ಬಲ್ಲರು.

ಪಾಲ್ ಸುಮ್ಮನಾಗಲಿಲ್ಲ. 2003ರಲ್ಲಿ ‘ಪಾಲಿಟಿಕ್ಸ್ ಆಫ್ ದಿ ಬಿಸಿನೆಸ್’ ಮಾಡಿದರು. ಹಿಂದಿನ ಆಲ್ಬಮ್ ಮಾರಾಟವಾಗದಿದ್ದರೆ ಮುಂದಿನದನ್ನು ಎಲ್ಲರಿಗೂ ರುಚಿಸುವಂತೆ ಮಾಡು ಅಂತ ಸಂಗೀತದ ದಂಧೆ ಹೇಳುತ್ತದಲ್ಲ, ಆ ಮಾತನ್ನೇ ಅಣಕಿಸುವ ಆಲ್ಬಮ್. ಅಣಕ ಎಷ್ಟು ಹತ್ತಿರ ಹೋಯಿತೆಂದರೆ, ಯಾವುದನ್ನು ಅಣಕಿಸುತ್ತಿತ್ತೋ ಅದರಂತೆಯೇ ಕೇಳಿಸಿತು. ಮೊದಲನೆಯದನ್ನು ಪ್ರೀತಿಸಿದವರೂ ಇದಕ್ಕೆ ಮುಖ ತಿರುಗಿಸಿದರು. ಅದರಲ್ಲಿ ‘ಪೀಪಲ್, ಪ್ಲೇಸಸ್ ಅಂಡ್ ಥಿಂಗ್ಸ್’ ಅನ್ನುವ ಹಾಡಿದೆ. ಎಮ್‌ಎಫ್ ಡೂಮ್, ವರ್ಡ್ಸ್‌ವರ್ತ್ ಜೊತೆ ಚಬ್ ರಾಕ್ ಇದ್ದಾರೆ. ಒಳ್ಳೆಯ ಹಾಡು. ಮೂವರೂ ಸರದಿಯಲ್ಲಿ ಬರುತ್ತಾರೆ, ತಮ್ಮ ಸಾಲು ಹೇಳುತ್ತಾರೆ, ಹೋಗುತ್ತಾರೆ. ಚಬ್ ರಾಕ್ ಅಲ್ಲಿ ಬರೀ ಚಬ್ ರಾಕ್. ನನಗೆ ಮಾತ್ರ ಆ ದನಿ ಈಗಲೂ ಮಿಸ್ಟರ್ ಲಾರ್ಜ್‌ನದ್ದೇ.